ಉಣ್ಣುವ ಸದ್ದು

ನಮ್ಮ ಮನೆಯ ಚಮಚಗಳ ಡ್ರಾಯರಿನಲ್ಲಿ ಒಂದು ಒಂಟಿ ಕಡ್ಡಿ ಇದೆ. ಪೆನ್ಸಿಲಿಗಿಂತ ಉದ್ದ, ಪೆನ್ಸಿಲಿಗಿಂತ ಸಪೂರ, ತುದಿಗೆ ಹೋಗುತ್ತಾ ಹೋಗುತ್ತಾ ಸಣ್ಣಗಾಗುವ ಬಿದಿರಿನ ಕಡ್ಡಿ. ಮನೆಗೆ ಬಂದಾಗ ಅದಕ್ಕೊಂದು ಜೋಡಿಯಿತ್ತು. ಆ ಜೋಡಿ ಈಗ ಹಿತ್ತಲಲ್ಲಿ ಮೆಣಸಿನ ಗಿಡಕ್ಕೆ ಊರುಗೋಲಾಗಿ ನಿಂತಿದೆ. ಉಳಿದ ಇದರಿಂದ ನಾನು ಇಡ್ಲಿ ಬೆಂದಿದೆಯೋ ಇಲ್ಲವೋ ಎಂದು ಚುಚ್ಚಿ ನೋಡುತ್ತೇನೆ. ಕಡ್ಡಿಗೆ ಹಿಟ್ಟು ಅಂಟದಿದ್ದರೆ ಇಡ್ಲಿ ಆಗಿದೆ ಎಂದರ್ಥ. ಆದರೆ ಚುಚ್ಚಿದ ಮೇಲೆ ಕಡ್ಡಿಯ ತುದಿ ನೋಡುವುದನ್ನು ಮರೆತು, ಹಬೆಯಲ್ಲಿ ಮುಖವಿಟ್ಟುಕೊಂಡು ಹಾಗೇ ನಿಂತುಬಿಡುವುದು ನನ್ನ ಅಭ್ಯಾಸ. ಹಬೆಗೆ ಒಂದು ಗುಣವಿದೆ, ನೀವೂ ಕಂಡಿರುತ್ತೀರಿ. ಎದುರಿಗಿರುವುದನ್ನು ಮರೆಮಾಡಿ, ಇಲ್ಲದ್ದನ್ನೆಲ್ಲ ತಂದು ಮುಂದೆ ನಿಲ್ಲಿಸುತ್ತದೆ.

ಈ ಕಡ್ಡಿ ಚಿಕ್ಕಬಳ್ಳಾಪುರದ ಒಂದು ರಾಮೆನ್ ಹೋಟೆಲಿನದು. ರಾಮೆನ್ ಎಂದರೆ ಜಪಾನಿನ ಶಾವಿಗೆ ಸಾರು. ದೊಡ್ಡ ಬಟ್ಟಲಲ್ಲಿ ಬಿಸಿ ಸಾರು, ಅದರೊಳಗೆ ಉದ್ದುದ್ದ ಶಾವಿಗೆ, ಮೇಲೆ ಒಂದಿಷ್ಟು ಅಲಂಕಾರ. ಈ ವಿವರಣೆ ನನ್ನದಲ್ಲ, ನನ್ನ ಮಗಳು ಚಿನ್ನುವಿನದು. ಡಿಗ್ರಿ ಓದುತ್ತಿದ್ದಾಳೆ. ಫೋನಿನಲ್ಲಿ ಯಾವ ಯಾವುದೋ ದೇಶದವರು ಊಟ ಮಾಡುವುದನ್ನು ನೋಡುತ್ತಾ ಇಲ್ಲಿ ತನ್ನ ತಟ್ಟೆಯ ಅನ್ನವನ್ನು ಆರಲು ಬಿಟ್ಟು ಕೂರುವವಳು.

ರಾಮೆನ್ನಿಗೆ ಹೋಗುವ ಮುಂಚೆ ನನ್ನ ಅತ್ತೆಯವರು ಉಣ್ಣುತ್ತಿದ್ದ ಬಗೆಯನ್ನು ಹೇಳಬೇಕು. ಅತ್ತೆ ದಿಬ್ಬೂರಹಳ್ಳಿಯವರು. ಮುದ್ದೆಯನ್ನು ನಿಂಬೆಹಣ್ಣಿನಷ್ಟು ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಬಿಡುತ್ತಿದ್ದರು. ಅಲ್ಲಿಯವರೆಗೆ ಒಂದು ಸಪ್ಪಳವೂ ಇಲ್ಲ. ಮುದ್ದೆ ಮುಗಿದ ಮೇಲೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಓರೆ ಮಾಡಿ, ತಳದ ಸಾರನ್ನು ಹೀರುತ್ತಿದ್ದರು. ಸೊರ್‍ರ್ ಎಂದು ಶುರುವಾಗಿ, ನಡುವೆ ಒಂದು ಸಣ್ಣ ತಿರುವು ತೆಗೆದುಕೊಂಡು, ಕೊನೆಗೆ ‘ಹಾಂ’ ಎಂಬ ಉಸಿರಲ್ಲಿ ಮುಗಿಯುವ ಸದ್ದು ಅದು. ಬೀದಿಯಲ್ಲಿ ಹೋಗುವವರಿಗೂ ನಮ್ಮ ಮನೆಯ ಊಟ ಮುಗಿಯಿತೆಂದು ತಿಳಿಯುತ್ತಿತ್ತು.

ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸದರಲ್ಲಿ ಆ ಸದ್ದಿಗೆ ಬೆಚ್ಚಿಬಿದ್ದಿದ್ದೆ. ನನ್ನ ತವರು ಚಿಂತಾಮಣಿ, ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ಅಲ್ಲಿ ಶನಿವಾರದ ಕೊನೆಯ ಪೀರಿಯಡ್ಡು ಊಟದ ಶಿಸ್ತಿನದು. ಊಟದ ಶಿಸ್ತು ಇತ್ತೇ ಹೊರತು ಊಟ ಇರಲಿಲ್ಲ. ಸ್ಟೀಲ್ ಬಟ್ಟಲುಗಳಲ್ಲಿ ನಲ್ಲಿ ನೀರು ತುಂಬಿ ಮುಂದಿಡುತ್ತಿದ್ದರು. ಅದು ಸೂಪು ಎಂದು ನಾವು ತಿಳಿಯಬೇಕು. ಚಮಚವನ್ನು ನಮ್ಮಿಂದ ಆಚೆಗೆ ತಳ್ಳುತ್ತಾ ತುಂಬಿಸಿ, ಬಾಯಿಯ ಪಕ್ಕದಿಂದ ಸುರಿದುಕೊಂಡು, ಸದ್ದಿಲ್ಲದೆ ನುಂಗಬೇಕು. ಯಾರ ಗಂಟಲು ಗುಟುಕ್ ಎಂದರೂ ಸಿಸ್ಟರ್ ಅಲ್ಲೇ ನಿಂತು, ಬೆಂಚಿನ ಮೇಲೆ ಬೆರಳಿನಿಂದ ಟಕ್ ಎಂದು ತಟ್ಟುತ್ತಿದ್ದರು. ನನ್ನ ಗೆಳತಿಯೊಬ್ಬಳು ಒಂದು ದಿನ ಧೈರ್ಯ ಮಾಡಿ, “ಸಿಸ್ಟರ್, ಇದು ಯಾವ ಸೂಪು?” ಎಂದು ಕೇಳಿದಳು. “ಟೊಮೆಟೊ” ಎಂದರು ಸಿಸ್ಟರ್ ಸ್ವಲ್ಪವೂ ತಡೆಯದೆ. ಊರ ತುಂಬ ಟೊಮೆಟೊ ರಾಶಿ ಬಿದ್ದಿರುತ್ತಿದ್ದ ಚಿಂತಾಮಣಿಯಲ್ಲಿ ಕೂತು ನಾವು ನಲ್ಲಿ ನೀರಿನಲ್ಲಿ ಟೊಮೆಟೊ ಕಲ್ಪಿಸಿಕೊಂಡು ಕುಡಿದೆವು. ಕಲ್ಪಿಸಿಕೊಳ್ಳುವುದರಲ್ಲಿ ನಾನು ಜಾಣೆ. ನನ್ನ ಸೂಪಿನಲ್ಲಿ ಕೊತ್ತಂಬರಿ ಸೊಪ್ಪೂ ತೇಲುತ್ತಿತ್ತು.

ಅಂಥವಳಿಗೆ ಅತ್ತೆಯವರ ಸೊರ್‍ರ್! ಆದರೆ ಒಗ್ಗಿಕೊಂಡೆ. ಬರುಬರುತ್ತಾ ಅದನ್ನು ಓದುವುದನ್ನೂ ಕಲಿತೆ. ಉಪ್ಪು ಹುಳಿ ಹದವಾಗಿದ್ದರೆ ಸದ್ದು ಉದ್ದಕ್ಕೆ ಎಳೆಯುತ್ತಿತ್ತು. ಹುಳಿ ಕಮ್ಮಿಯಾದರೆ ನಡುವಿನ ತಿರುವು ಇರುತ್ತಿರಲಿಲ್ಲ. ಉಪ್ಪು ಮರೆತ ದಿನ ಸದ್ದು ಹುಟ್ಟಿದ ಕೂಡಲೇ ಸಾಯುತ್ತಿತ್ತು. ಅತ್ತೆ ಬಾಯಿಬಿಟ್ಟು ಚೆನ್ನಾಗಿದೆ ಎಂದವರಲ್ಲ, ಚೆನ್ನಾಗಿಲ್ಲ ಎಂದವರೂ ಅಲ್ಲ. ಇಷ್ಟು ವರ್ಷ ನನಗೆ ಸಿಕ್ಕ ಪ್ರೋಗ್ರೆಸ್ ಕಾರ್ಡು ಅದೊಂದೇ.

ಆ ಸದ್ದು ಈ ವರ್ಷ ಬೇಸಿಗೆಯಲ್ಲಿ ನಿಂತುಹೋಯಿತು.

ಚಿನ್ನುವಿನ ಕಾಲೇಜಿನ ಇಬ್ಬರು ಗೆಳತಿಯರು ಊಟಕ್ಕೆ ಬಂದಿದ್ದರು. ಅಲಸಂದೆ ಬಸ್ಸಾರು ಮಾಡಿದ್ದೆ. ಸಾರು ಹದವಾಗಿತ್ತು ಎಂಬುದೇ ಅವತ್ತಿನ ಗ್ರಹಚಾರ. ಅತ್ತೆ ತಟ್ಟೆ ಎತ್ತಿದರು. ಸೊರ್‍ರ್ ಎಂಬುದು ತಿರುವು ತೆಗೆದುಕೊಳ್ಳುವ ಹೊತ್ತಿಗೆ ಆ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗು ತಡೆಯಲಾಗದೆ ನೀರಿನ ಲೋಟದೊಳಗೆ ಮುಖ ಹಾಕಿದರು. ಚಿನ್ನುವಿನ ಕಿವಿ ಕೆಂಪಾಯಿತು.

“ಅಜ್ಜೀ, ಪ್ಲೀಸ್. ಸದ್ದು ಮಾಡ್ದೆ ತಿನ್ನಕ್ಕೆ ಆಗಲ್ವಾ? ನಾಲ್ಕು ಜನ ಇದ್ದಾರೆ.”

ಅತ್ತೆ ತಟ್ಟೆ ಇಳಿಸಿದರು. “ಹೌದಲ್ವಾ” ಎಂದು ನಕ್ಕರು. ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೆಯ ದಿನ ಅವರು ತಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. “ಇಲ್ಲಿ ಗಾಳಿ ಬರ್ತೈತೆ ಕಣಮ್ಮ” ಎಂದರು. ಆಮೇಲೆ ದಿನವೂ ಅಲ್ಲಿಯೇ. ಗಾಳಿಗೆ ಹೋದವರು ಅಲ್ಲಾದರೂ ಸೊರ್‍ರ್ ಎನ್ನುತ್ತಾರೆಂದು ನಾನು ಅಡುಗೆಮನೆಯ ಕಿಟಕಿಯಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಇಲ್ಲ. ತಟ್ಟೆಯಲ್ಲಿ ಸಾರು ಉಳಿಯತೊಡಗಿತು. ಮುದ್ದೆ ಅರ್ಧವಾಯಿತು. ಅವರ ಕೈಯ ಬಳೆಗಳು ಮೊದಲೆಲ್ಲ ಮಣಿಕಟ್ಟಿನಲ್ಲೇ ಬಿಗಿಯಾಗಿ ಕೂತಿರುತ್ತಿದ್ದವು. ಈಗ ಕೈ ಎತ್ತಿದರೆ ಮೊಣಕೈಯ ಕಡೆಗೆ ಜಾರುತ್ತಿದ್ದವು. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಎಂದರು. ಟಾನಿಕ್ಕು ಬರೆದರು. ಅದನ್ನು ಅತ್ತೆ ಸದ್ದಿಲ್ಲದೆ ಕುಡಿದರು.

ನಮ್ಮವರು, “ಅಮ್ಮನಿಗೆ ವಯಸ್ಸಾಯ್ತು ಕಣೇ, ಊಟ ಕಮ್ಮಿಯಾಗುತ್ತೆ” ಎಂದರು. ಆದರೆ ಫೋನು ನೋಡುತ್ತಾ ಉಣ್ಣುವ ಚಿನ್ನು ಆಗಾಗ ತಲೆಯೆತ್ತಿ ಹಿತ್ತಲ ಬಾಗಿಲ ಕಡೆ ನೋಡುತ್ತಿದ್ದುದನ್ನು ನಾನು ಕಂಡಿದ್ದೆ.

ಶ್ರಾವಣದ ಒಂದು ಗುರುವಾರ ಅವಳು ಅಡುಗೆಮನೆಗೆ ಬಂದು, ಕಟ್ಟೆಯ ಮೇಲೆ ಹತ್ತಿ ಕೂತು, ಕ್ಯಾರೆಟ್ಟು ಕಡಿಯುತ್ತಾ ಹೇಳಿದಳು, “ಅಮ್ಮ, ಚಿಕ್ಕಬಳ್ಳಾಪುರದಲ್ಲಿ ರಾಮೆನ್ ಹೋಟ್ಲು ಓಪನ್ ಆಗಿದೆ. ಶನಿವಾರ ಹೋಗಣ. ಅಜ್ಜೀನೂ ಕರ್ಕೊಂಡು.”

“ಅಜ್ಜಿ ಎಲ್ಲಿ ಬರ್ತಾರೆ?”

“ಬರ್ಬೇಕು. ಅಜ್ಜಿಗೋಸ್ಕರಾನೇ ಹೋಗ್ತಿರೋದು.” ಕ್ಯಾರೆಟ್ಟು ನಿಂತಿತು. “ಅಲ್ಲಿ ಸದ್ದು ಮಾಡ್ಕೊಂಡೇ ತಿನ್ನಬೇಕಮ್ಮ. ಸೊರ್ ಅಂತ ಎಳೀಬೇಕು. ಸದ್ದು ಮಾಡಿದ್ರೇನೇ ಮರ್ಯಾದೆಯಂತೆ, ಅಡುಗೆ ಚೆನ್ನಾಗಿದೆ ಅಂತ ಅರ್ಥವಂತೆ.”

ನನಗೆ ಅರ್ಥವಾಯಿತು. “ಸಾರಿ ಅಜ್ಜಿ ಅನ್ನೋದಕ್ಕೆ ಜಪಾನ್‌ವರೆಗೂ ಹೋಗಬೇಕೇನೇ?”

“ಸಾರಿ ಅಂದ್ರೆ ಅಜ್ಜಿ ಯಾತಕ್ಕೆ ಅಂತಾರೆ. ಆಮೇಲೆ ಯಾತಕ್ಕೆ ಅಂತ ನಾನು ಹೇಳ್ಬೇಕು.” ಕಟ್ಟೆಯಿಂದ ಇಳಿದು ಹೋದಳು.

ಶನಿವಾರ ಹೊರಟೆವು. ಗೌರಿಬಿದನೂರಿನ ಆಫೀಸಿಗೆ ದಿನಾ ಓಡಾಡುವ ನಮ್ಮವರಿಗೆ ಅವತ್ತು ರಜೆ. ಅತ್ತೆ ಬೆಳಗ್ಗೆಯೇ ಎದ್ದು ತಂಬಿಟ್ಟಿನ ದೀಪ ಹಚ್ಚಿ, ಗೋವಿಂದ ಗೋವಿಂದ ಎಂದು ಕೈಮುಗಿದು, ಬರುವುದಿಲ್ಲವೆಂದು ಒಂದೆರಡು ಸಲ ಹೇಳಿ, ಕೊನೆಗೆ ಮೊಮ್ಮಗಳು ಸೆರಗು ಹಿಡಿದು ಎಳೆದ ಮೇಲೆ, ಅಂಚಿರುವ ಸೀರೆಯುಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ದಾರಿಯುದ್ದಕ್ಕೂ ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ. ದೂರದಲ್ಲಿ ನಂದಿ ಬೆಟ್ಟ, ಬುಡ ಮೋಡದಲ್ಲಿ ಮುಳುಗಿ, ನೆತ್ತಿ ಮಾತ್ರ ತೇಲುತ್ತಿತ್ತು. ನಾನು ಗಾಜಿಗೆ ಹಣೆಯಿಟ್ಟು, ಅತ್ತೆ ದೊಡ್ಡ ಬಟ್ಟಲೆತ್ತಿ ಸೊರ್‍ರ್ ಎನ್ನುವುದನ್ನೂ, ಹೋಟೆಲಿನವರೆಲ್ಲ ಭೇಷ್ ಎನ್ನುವುದನ್ನೂ ಕಲ್ಪಿಸಿಕೊಂಡೆ. ನಲ್ಲಿ ನೀರಿನಲ್ಲಿ ಕೊತ್ತಂಬರಿ ತೇಲಿಸಿದವಳಿಗೆ ಇದೇನು ಕಷ್ಟ.

ಹೋಟೆಲು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ನಾಲ್ಕೈದು ಮೇಜು, ಕೆಂಪು ಕಾಗದದ ಬುಟ್ಟಿದೀಪ, ಗೋಡೆಯ ತುಂಬ ಬರೆದ ಒಂದು ದೊಡ್ಡ ನೀಲಿ ಅಲೆ. ಕೆರೆ ತುಂಬಿದರೆ ಬಾಗಿನ ಕೊಡುವ ಜಿಲ್ಲೆಯವರು ನಾವು. ಅತ್ತೆ ಆ ಅಲೆಗೆ ಬೆನ್ನು ಮಾಡಿ ಕೂರಲು ಒಪ್ಪಲಿಲ್ಲ, ಮೇಲೆ ಬಿದ್ದೀತೆಂದು ಈಚೆ ಬಂದರು. ಮಾಲೀಕರೇ ಬಂದು ನಿಂತರು. ಗೌರಿಬಿದನೂರು ಕಡೆಯವರಂತೆ. ದಪ್ಪ ಮೀಸೆ, ಹಣೆಗೆ ಜಪಾನಿನವರ ಹಾಗೆ ಪಟ್ಟಿ, ಪಟ್ಟಿಯ ಕೆಳಗೆ ಕುಂಕುಮ.

ಚಿನ್ನು ಹೇಳಿದಳು, “ನಾಲ್ಕು ವೆಜ್ ರಾಮೆನ್.”

ಮಾಲೀಕರು ಮೀಸೆ ಸವರಿಕೊಂಡರು. “ಕಾರ್ಡಲ್ಲಿದೆ ಅಮ್ಮ. ಆದ್ರೆ ಅಣಬೆ ಸಾರು ಮುಗ್ದೋಯ್ತು. ಶ್ರಾವಣ ಶನಿವಾರ ನೋಡಿ, ಬೆಳಗ್ಗೆಯಿಂದ ಬಂದೋರೆಲ್ಲ ಅದನ್ನೇ ಕೇಳಿದ್ರು. ಈಗ ಇರೋದು ಕೋಳಿ ಮೂಳೆ ಸಾರು.”

ಅತ್ತೆ “ಗೋವಿಂದಾ” ಎಂದರು.

ನಮ್ಮವರು ಮಗಳ ಕಡೆ ತಿರುಗಿದರು. “ಶಾವಿಗೆ ಅಂದಿದ್ಯಲ್ಲೇ?”

“ಶಾವಿಗೇನೇ ಅಪ್ಪ!”

“ಶಾವಿಗೇಲಿ ಕೋಳಿ ಯಾಕೆ ಬಂತು?”

ನಾವೂ ಎಂಥ ಜನ ನೋಡಿ. ಶ್ರಾವಣ ಶನಿವಾರವೆಂದು ನಾಲ್ವರಿಗೂ ಗೊತ್ತಿತ್ತು. ಶಾವಿಗೆಯಷ್ಟು ನಿರಪಾಯದ ವಸ್ತು ಪ್ರಪಂಚದಲ್ಲಿ ಬೇರೊಂದಿಲ್ಲ ಎಂಬ ನಂಬಿಕೆಯಲ್ಲಿ ಬಂದಿದ್ದೆವು. ನಮ್ಮ ಹಾಗೆಯೇ ನಂಬಿದ ಅರ್ಧ ಊರು ನಮಗಿಂತ ಮುಂಚೆ ಬಂದು ಅಣಬೆ ಸಾರನ್ನು ಖಾಲಿ ಮಾಡಿ ಹೋಗಿತ್ತು.

“ಬರೀ ಬಿಸಿನೀರಿಗೆ ಸೋಯಾ ಸಾಸು ಹಾಕಿ ಮಾಡ್ಕೊಡ್ತೀನಿ” ಎಂದರು ಮಾಲೀಕರು. “ರುಚಿ ಮಾತ್ರ ನನ್ನ ಕೇಳ್ಬೇಡಿ. ಇನ್ನೊಂದಿನ ಬನ್ನಿ ಅಂತ ನಾನೇ ಹೇಳ್ತೀನಿ.”

ನಮ್ಮವರು ಎದ್ದೇ ಬಿಡುತ್ತಿದ್ದರು. ಚಿನ್ನುವಿನ ಮುಖ ಸಣ್ಣದಾಯಿತು. ಅತ್ತೆ ಅದನ್ನು ನೋಡಿದರು. “ಪರ್ವಾಲೇದು ನಾಯನಾ, ಉನ್ನದೇ ತೇ” ಎಂದು, ಇದ್ದದ್ದನ್ನೇ ತರುವಂತೆ ತೆಲುಗಿನಲ್ಲಿ ಹೇಳಿದರು. ದಿಬ್ಬೂರಹಳ್ಳಿ ಕಡೆಯವರಿಗೆ ಸಮಾಧಾನದ ಮಾತು ತೆಲುಗಿನಲ್ಲೇ ಬರುವುದು.

ಬಟ್ಟಲು ಬಂದವು. ಹಬೆ ಚೆನ್ನಾಗಿತ್ತು. ಅದೊಂದು ಮಾತು ಹೇಳಲೇಬೇಕು. ಆ ಹಬೆಯೊಳಗೆ ನನಗೆ ಚಿಂತಾಮಣಿಯ ನಮ್ಮ ಮನೆಯ ಒತ್ತು ಶಾವಿಗೆ ಕಂಡಿತು. ಶಾವಿಗೆ ಒರಳಿನ ಉದ್ದನೆಯ ಮರದ ಮೇಲೆ ಭಾರಕ್ಕೆಂದು ನನ್ನನ್ನು ಕೂರಿಸುತ್ತಿದ್ದರು. ನಾನು ಮೆಲ್ಲಗೆ ಕೆಳಗಿಳಿದಂತೆ ಬಿಸಿ ಶಾವಿಗೆ ಮಳೆಯ ಎಳೆಗಳಂತೆ ಇಳಿದು ಬಾಳೆಲೆಯ ಮೇಲೆ ಸುರುಳಿಯಾಗುತ್ತಿತ್ತು. ಅದಕ್ಕೆ ಬೆಲ್ಲ ಕರಗಿಸಿದ ಕಾಯಿಹಾಲು. ಎಷ್ಟು ಹೊತ್ತು ಅಲ್ಲಿದ್ದೆನೋ, ನಮ್ಮವರು ಕೆಮ್ಮಿದಾಗ ವಾಪಸು ಬಂದೆ. ಮೊದಲ ಗುಟುಕು ಕುಡಿದೆ. ಸಿಸ್ಟರ್ ಅವರ ಟೊಮೆಟೊ ಸೂಪು! ಇಷ್ಟು ವರ್ಷದ ಮೇಲೆ, ಅದೇ ರುಚಿ, ಒಂದು ಚಿಟಿಕೆ ಉಪ್ಪು ಹೆಚ್ಚು. ಶಾವಿಗೆ ಮಾತ್ರ ರಬ್ಬರ್ ಬ್ಯಾಂಡಿನಂತೆ ಒಳಗೊಳಗೇ ಜಗಳವಾಡುತ್ತಿತ್ತು.

ಚಿನ್ನು ಕಡ್ಡಿಗಳಿಂದ ಶಾವಿಗೆ ಎತ್ತಿದಳು. “ನೋಡಿ ಅಜ್ಜಿ, ಹಿಂಗೆ.” ಸೊರ್ ಎಂದು ಎಳೆದಳು. “ಇಲ್ಲಿ ಹಿಂಗೇ ತಿನ್ನೋದು. ಜೋರಾಗಿ ಸದ್ದು ಮಾಡ್ಬೇಕು. ನೀವೂ ಮಾಡಿ.”

ನಮ್ಮವರೂ ಎಳೆದರು. ಅವರದು ಮುದ್ದೆಯ ಗಂಟಲು. ಅಗಿಯದೆ ನುಂಗಲು ಹೋಗಿ, ಒಂದು ತುದಿ ಹೊಟ್ಟೆಯಲ್ಲಿ, ಇನ್ನೊಂದು ತುದಿ ಬಟ್ಟಲಲ್ಲಿ ಸಿಕ್ಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಚಿನ್ನು ನಕ್ಕಳು. ನಾನೂ ನಕ್ಕೆ. ಅತ್ತೆಯೂ ನಕ್ಕರು. ಆಮೇಲೆ ಕಡ್ಡಿಗಳನ್ನು ಜೋಡಿಸಿ ಪಕ್ಕಕ್ಕಿಟ್ಟು, ಚಮಚ ಕೇಳಿ ತರಿಸಿಕೊಂಡು, ಶಾವಿಗೆಯನ್ನು ತುಂಡು ತುಂಡು ಮಾಡಿ, ಒಂದೊಂದೇ ತುಂಡನ್ನು ತುಟಿಗೆ ತಾಗಿಸಿ ಒಳಗೆ ತೆಗೆದುಕೊಂಡರು. ಸಾರನ್ನು ಬಾಯಿಯ ಪಕ್ಕದಿಂದ ಸುರಿದುಕೊಂಡು ಸದ್ದಿಲ್ಲದೆ ನುಂಗಿದರು. ನಮ್ಮ ಸಿಸ್ಟರ್ ನೋಡಿದ್ದರೆ ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ನಾನು ಮಾತ್ರ ತಲೆ ತಗ್ಗಿಸಿದೆ.

“ಅಜ್ಜೀ,” ಚಿನ್ನುವಿನ ದನಿ ಸಣ್ಣದಾಗಿತ್ತು. “ಸದ್ದು ಮಾಡ್ಬೋದು ಇಲ್ಲಿ. ನಿಜವಾಗ್ಲೂ.”

“ಬ್ಯಾಡ ಕಣಮ್ಮ” ಎಂದರು ಅತ್ತೆ, ಪ್ರೀತಿಯಿಂದಲೇ. “ನಾಲ್ಕು ಜನ ಅವ್ರೆ.”

ಚಿನ್ನು ಕಡ್ಡಿ ಇಳಿಸಿದಳು. ಊಟ ಮುಗಿಯುವವರೆಗೂ ಆ ನೀಲಿ ಅಲೆಯನ್ನೇ ನೋಡುತ್ತಿದ್ದಳು. ನಮ್ಮವರ ಬಟ್ಟಲು ಅರ್ಧ, ನನ್ನದು ಅರ್ಧ. ಅತ್ತೆ ಮಾತ್ರ, ಯಾರೋ ಕರೆದ ಮನೆಯಲ್ಲಿ ಎಲೆಯ ಮೇಲೆ ಬಿಡಬಾರದೆಂಬಂತೆ, ಇದ್ದಷ್ಟನ್ನೂ ತಿಂದಿದ್ದರು. ಏಳುವಾಗ ಕಡ್ಡಿಗಳನ್ನು ಕಾಗದದ ಚೀಲದೊಳಗೆ ತೂರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಬಿದ್ರು ಚೆನ್ನಾಗೈತೆ. ಗಿಡಕ್ಕಾತದೆ.”

ವಾಪಸು ಬರುವಾಗ ತೋಟಗಳ ಮೇಲೆ ಸಂಜೆ ಬಿಸಿಲು ಹಾಸಿಕೊಂಡಿತ್ತು. ಒಂದು ಕಡೆ ಹೆಂಗಸರು ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಕಟ್ಟುತ್ತಿದ್ದರು. ಅತ್ತೆ ಕಿಟಕಿಯಿಂದ ಇಣುಕಿ ನೋಡಿದರು. ಯಾರಿಗೆಂದೂ ಅಲ್ಲದೆ ಹೇಳತೊಡಗಿದರು.

“ನಮ್ಮನೇಲಿ ರೇಷ್ಮೆ ಹುಳ ಸಾಕ್ತಿದ್ವಲ್ಲ, ದೊಡ್ಡ ಹುಳ ಆದ್ಮೇಲೆ ಸೊಪ್ಪು ಹಾಕಿದ್ರೆ ಮಳೆ ಹುಯ್ದಂಗೆ ಸದ್ದು. ಮನೆ ತುಂಬ. ಅದು ಕೇಳ್ತಾ ಇದ್ರೇನೇ ನಮ್ಗೆ ನಿದ್ದೆ. ಒಂದೊಂದ್ಸಲ ಸದ್ದು ನಿಂತೋಗದು. ಆಗ ಎಚ್ಚರ ಆಗ್ಬಿಡೋದು ನಮ್ಮವ್ವಂಗೆ.”

“ಯಾಕಜ್ಜಿ?” ಎಂದಳು ಚಿನ್ನು, ಹೊರಗೆ ನೋಡುತ್ತಲೇ.

“ಮೇಯಾ ಸದ್ದಿಲ್ಲ ಅಂದ್ರೆ ಹುಳಕ್ಕೆ ಸುಖ ಇಲ್ಲ ಅಂತ. ದೀಪ ಹಿಡ್ಕಂಡು ತಟ್ಟೆ ತಟ್ಟೇನೂ ನೋಡಾಳು. ಕಿವಿ ಇಟ್ಟು ಕೇಳಾಳು ನಮ್ಮವ್ವ. ಮನೇಲಿ ಎಲ್ರೂ ಉಸಿರು ಬಿಗಿ ಹಿಡ್ಕಂಡು ಕೂರಾವು, ಮತ್ತೆ ಶುರು ಆಗ್ಲಿ ಅಂತ.”

ಅಷ್ಟೇ. ಮುಂದೆ ಅತ್ತೆ ದ್ರಾಕ್ಷಿಗೆ ಈ ಸಲ ರೇಟು ಹೇಗಂತೆ ಎಂದು ಮಗನನ್ನು ಕೇಳಿದರು. ಅವರು ಹುಳದ ಮಾತನ್ನು ಹುಳದ ಮಾತಾಗಿಯೇ ಆಡಿದ್ದರು. ಚಿನ್ನು ಮಾತ್ರ ಕಿಟಕಿಯ ಕಡೆಗಿದ್ದ ಮುಖವನ್ನು ಮನೆ ಬರುವವರೆಗೂ ಈಚೆಗೆ ತಿರುಗಿಸಲಿಲ್ಲ.

ಮನೆಗೆ ಬಂದಾಗ ಎಲ್ಲರಿಗೂ ಹಸಿವು. ಬೆಳಗ್ಗೆಯ ಬಸ್ಸಾರಿತ್ತು. ಬಿಸಿ ಮಾಡಿ, ನಾಲ್ಕು ಮುದ್ದೆ ಕಟ್ಟಿದೆ. ಅತ್ತೆ ಎಂದಿನಂತೆ ತಟ್ಟೆ ತೆಗೆದುಕೊಂಡು ಹಿತ್ತಲಿಗೆ ನಡೆದರು. ನಮ್ಮವರು ನಡುಮನೆಯಲ್ಲಿ ಕೂತರು. ಚಿನ್ನು ತನ್ನ ತಟ್ಟೆಯನ್ನು ಎತ್ತಿಕೊಂಡು ಮೇಜಿನವರೆಗೆ ಹೋದವಳು, ಅಲ್ಲಿ ನಿಂತು, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿತ್ತಲಿಗೆ ಹೋದಳು.

ನಾನು ಕಿಟಕಿಯಲ್ಲಿ ನಿಂತೆ.

“ಸರ್ಕೊಳ್ಳಿ ಅಜ್ಜಿ.”

“ಇಲ್ಲೆಲ್ಲಿ ಕೂರ್ತೀಯೇ, ಕಲ್ಲು ಒದ್ದೆ ಐತೆ.”

“ಗಾಳಿ ಬರುತ್ತಂತಲ್ಲ.”

ಕಲ್ಲಿನ ಮೇಲೆ ಇಬ್ಬರೂ ಒತ್ತೊತ್ತಾಗಿ ಕೂತರು. ಮುದ್ದೆ ಮುಗಿದ ಮೇಲೆ ನನ್ನ ಮಗಳು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಓರೆ ಮಾಡಿದಳು. ಸೊರ್ ಎಂದಳು. ಅದು ಸದ್ದೇ ಅಲ್ಲ, ತೂತಾದ ಸೈಕಲ್ ಟ್ಯೂಬು. ಸಾರು ಮೂಗಿಗೆ ಏರಿ ಕೆಮ್ಮು ಹತ್ತಿತು.

“ಅಯ್ಯೋ ಹಂಗಲ್ಲ ಕಣೇ!” ಅತ್ತೆ ಅವಳ ನೆತ್ತಿ ತಟ್ಟಿದರು. “ಹಂಗೆ ಒಂದೇ ಸಲ ಎಳೆದ್ರೆ ಮೂಗಿಗೆ ಹೋಗ್ತದೆ. ತುಟಿ ಹಿಂಗೆ ಮಾಡು. ಹಿಂಗೆ. ಉಸಿರು ಜತೆ ಎಳ್ಕೋ.”

“ಬರಲ್ಲ ಅಜ್ಜಿ ನಂಗೆ. ನೀವು ತೋರ್ಸಿ.”

ಅತ್ತೆ ಪಕ್ಕದ ಮನೆಯ ಕಾಂಪೌಂಡಿನ ಕಡೆ ಒಮ್ಮೆ ನೋಡಿದರು. ಮೊಮ್ಮಗಳ ಕಡೆ ನೋಡಿದರು. ಅವಳ ಮೂಗಿನ ತುದಿಯಲ್ಲಿ ಸಾರಿನ ಹನಿ ಇನ್ನೂ ಇತ್ತು, ಕಣ್ಣೂ ಒದ್ದೆಯಾಗಿತ್ತು. ಅದು ಕೆಮ್ಮಿಗೋ ಮತ್ತೊಂದಕ್ಕೋ ಕಿಟಕಿಯವರೆಗೆ ತಿಳಿಯುವಂತಿರಲಿಲ್ಲ. ಒಲೆಯ ಮೇಲೆ ಕಾಯಲಿಟ್ಟಿದ್ದ ಹಾಲು ಉಕ್ಕಲು ಬಂದಿತ್ತು. ನಾನು ಉಸಿರು ಬಿಗಿಹಿಡಿದು, ಕೈಯನ್ನು ಒಲೆಯ ತಿರುಪಿನ ಮೇಲಿಟ್ಟು, ಹಾಗೇ ನಿಂತೆ.

ಬಳೆಗಳು ಮೊಣಕೈಗೆ ಜಾರಿದವು. ತಟ್ಟೆ ಮೇಲೆದ್ದಿತು.

ಸೊರ್‍ರ್ ಎಂದು ಶುರುವಾಯಿತು, ಬಹಳ ದಿನದಿಂದ ತೆಗೆಯದ ಬಾಗಿಲಿನಂತೆ ಮೊದಲು ಸ್ವಲ್ಪ ತಡವರಿಸಿ. ನಡುವೆ ಆ ಸಣ್ಣ ತಿರುವು ಬಂತು. ಹುಳಿ ಸರಿಯಾಗಿತ್ತು. ಉದ್ದಕ್ಕೆ, ಉದ್ದಕ್ಕೆ ಎಳೆದು, ‘ಹಾಂ’ ಎಂದು ನಿಂತಿತು. ನಡುಮನೆಯಿಂದ ನಮ್ಮವರು, “ಅಮ್ಮಂದು ಊಟ ಆಯ್ತಾ?” ಎಂದರು, ತಮ್ಮ ಕಿವಿಗೆ ಬಿದ್ದದ್ದೇನೆಂಬ ಅರಿವೂ ಇಲ್ಲದೆ.

ಹಾಲು ಉಕ್ಕಿಯೇ ಹೋಯಿತು. ಒರೆಸಲಿಲ್ಲ. ನನ್ನ ತಟ್ಟೆಗೆ ಸಾರು ಬಡಿಸಿಕೊಂಡೆ. ಅಭ್ಯಾಸಬಲದಿಂದ ಡ್ರಾಯರಿನಿಂದ ಚಮಚ ತೆಗೆದೆ, ನೋಡಿದೆ, ವಾಪಸು ಹಾಕಿದೆ. ಹಿತ್ತಲಿಗೆ ಹೋದೆ. ಕಲ್ಲಿನ ಮೇಲೆ ಜಾಗವಿರಲಿಲ್ಲ, ಪಕ್ಕದ ಮೆಟ್ಟಿಲ ಮೇಲೆ ಕೂತೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಚಿಂತಾಮಣಿಯಲ್ಲಿ ಎಲ್ಲೋ ಒಂದು ಬೆಂಚಿನ ಮೇಲೆ ಟಕ್ ಎಂದಂತಾಯಿತು. ಕಣ್ಣು ಮುಚ್ಚಿ, ತಟ್ಟೆ ಓರೆ ಮಾಡಿ, ಧೈರ್ಯವಿದ್ದಷ್ಟೂ ಹೀರಿದೆ.

ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದರು. ಆಮೇಲೆ ತಲೆಯಾಡಿಸಿದರು.

“ನಿಂದು ಕೇಳಿಸ್ಲಿಲ್ಲ ಕಣಮ್ಮ. ಇನ್ನೊಂದ್ಸಲ.”